ಕಂಪ್ಯೂಟರ್ ಏಳ್ತಿಲ್ಲ ಅಂದರೆ ಫೈಲ್ ಹೋಯ್ತು ಅಂತಲ್ಲ

ವೈರಸ್ ತೆಗೆದ ಮೇಲೆ ಕಂಪ್ಯೂಟರ್ ಆನ್ ಆಗ್ತಿಲ್ಲ, ಏನು ಮಾಡಲಿ? ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇದೇ ಪ್ರಶ್ನೆ. ಹಿಂದೆಯೂ ಉತ್ತರ ಕೊಟ್ಟಿದ್ದೆ. ಆದರೂ ಜನ ಫಾರ್ಮ್ಯಾಟ್ ಮಾಡಿಸಿಕೊಂಡ ಮೇಲೆಯೇ ನನ್ನ ಹತ್ತಿರ ಬರುತ್ತಾರೆ. ಅದಕ್ಕೇ ಮತ್ತೆ ಬರೆಯುತ್ತಿದ್ದೇನೆ.

ಪ್ರಶ್ನೆ: ಆಂಟಿವೈರಸ್ ಏಳು ವೈರಸ್ ತೆಗೆಯಿತು. ರೀಸ್ಟಾರ್ಟ್ ಮಾಡಿದಾಗಿನಿಂದ ನೀಲಿ ಪರದೆ ಬಂದು ನಿಲ್ಲುತ್ತದೆ. ಮಗಳ ಮದುವೆ ಫೋಟೊ, ಅಂಗಡಿಯ ಟ್ಯಾಲಿ ಲೆಕ್ಕ ಎಲ್ಲ ಅದರಲ್ಲೇ ಇದೆ. ‘ಫಾರ್ಮ್ಯಾಟ್ ಮಾಡಿ ಆಮೇಲೆ ರಿಕವರಿ ಮಾಡಿಕೊಡ್ತೀವಿ’ ಅಂತಾರೆ ಸರ್ವಿಸ್‌ನವರು. ಕೊಡಲಾ? (ಹಾವೇರಿಯ ಓದುಗರು)

ಕೊಡಬೇಡಿ. ಕೊಟ್ಟಿದ್ದರೆ ಇವತ್ತೇ ವಾಪಸ್ ತನ್ನಿ.

ನಿಮ್ಮ ಫೋಟೊಗಳು ಬಹುಮಟ್ಟಿಗೆ ಇದ್ದಲ್ಲೇ ಇವೆ. ಹೋಗಿರುವುದು ವಿಂಡೋಸ್ ಏಳುವುದಕ್ಕೆ ಬೇಕಾದ ಒಂದೆರಡು ಫೈಲ್. ಕೆಲವು ವೈರಸ್ ಸಿಸ್ಟಮ್ ಫೈಲ್‌ಗೇ ಅಂಟಿಕೊಂಡಿರುತ್ತವೆ. ಆಂಟಿವೈರಸ್ ಅದರ ಜೊತೆ ಆ ಫೈಲನ್ನೂ ಕಿತ್ತು ಹಾಕುತ್ತದೆ. ವೈರಸ್ಸೇ ಇಲ್ಲದೆಯೂ ಹೀಗಾಗಿದ್ದುಂಟು. 2010ರ ಏಪ್ರಿಲ್ 21ರಂದು ಮ್ಯಾಕಫಿ ಅನ್ನುವ ಆಂಟಿವೈರಸ್‌ನ ಒಂದು ಅಪ್‌ಡೇಟ್, ವಿಂಡೋಸ್ ಎಕ್ಸ್‌ಪಿಯ ಮುಖ್ಯ ಫೈಲೊಂದನ್ನೇ ವೈರಸ್ ಅಂದುಕೊಂಡು ತೆಗೆದುಹಾಕಿತು. ಎಷ್ಟೋ ದೇಶಗಳಲ್ಲಿ ಕಂಪ್ಯೂಟರ್‌ಗಳು ಸುಮ್ನೆ ರೀಸ್ಟಾರ್ಟ್ ಆಗುತ್ತಾ ಕೂತವು. ಕೆಟ್ಟಿದ್ದು ವಿಂಡೋಸ್, ಜನರ ಕಾಗದಪತ್ರ ಅಲ್ಲ.

‘ಫಾರ್ಮ್ಯಾಟ್ ಆದ ಮೇಲೆ ರಿಕವರಿ’ ಅನ್ನುವುದು ಹಳೇ ಹಾರ್ಡ್ ಡಿಸ್ಕ್ ಕಾಲದ ಮಾತು. ಆಗ ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಅಳಿಸಿಹೋಗುತ್ತಿದ್ದದ್ದು ಫೈಲ್‌ಗಳ ಪಟ್ಟಿ ಮಾತ್ರ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಾಗಿ ಇರುವುದು ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆ ಇಲ್ಲದ, ಚಿಪ್‌ನಲ್ಲೇ ಫೈಲ್ ಇಡುವ ಡಿಸ್ಕ್. ಫಾರ್ಮ್ಯಾಟ್ ಮಾಡಿದ ಕೂಡಲೇ ವಿಂಡೋಸ್ ಅದಕ್ಕೆ ‘ಈ ಜಾಗ ಇನ್ನು ಬೇಡ’ ಅಂತ ಹೇಳಿಬಿಡುತ್ತದೆ. ಇದಕ್ಕೆ ಟ್ರಿಮ್ ಅನ್ನುತ್ತಾರೆ. ಆಮೇಲೆ ಎಸ್‌ಎಸ್‌ಡಿ ತಾನೇ ಒಳಗಿಂದ ಆ ಜಾಗ ಒರೆಸಿ ಹಾಕುತ್ತದೆ. ಮೊನ್ನೆ ಒಬ್ಬರು ಮೇಷ್ಟ್ರು ಹಾಗೆ ಫಾರ್ಮ್ಯಾಟ್ ಆದ ಲ್ಯಾಪ್‌ಟಾಪ್ ತಂದಿದ್ದರು. ರಾತ್ರಿಯಿಡೀ ಸ್ಕ್ಯಾನ್ ಹಾಕಿದೆ. ಬೆಳಗ್ಗೆ ಡ್ರೈವ್ ತೆರೆದು ಒಂದೊಂದೇ ಸಾಲು ನೋಡಿದರೆ ಸೊನ್ನೆ, ಬರೀ ಸೊನ್ನೆ. ಅವರಿಗೆ ಏನು ಹೇಳಬೇಕೋ ನನಗೆ ತೋಚಲಿಲ್ಲ.

ಹಾಗಾಗಿ ಮೊದಲು ಕಾಪಿ, ಆಮೇಲೆ ರಿಪೇರಿ. ಪರಿಚಯದವರ ಕಂಪ್ಯೂಟರ್‌ನಲ್ಲಿ 8 ಜಿಬಿ ಪೆನ್ ಡ್ರೈವ್‌ಗೆ ರೂಫಸ್ ಅನ್ನುವ ಉಚಿತ ಸಾಫ್ಟ್‌ವೇರ್ ಬಳಸಿ ಉಬುಂಟು ಹಾಕಿಸಿ. ಉಬುಂಟು ಅಂದರೆ ವಿಂಡೋಸ್ ಬದಲು ಪೆನ್ ಡ್ರೈವ್‌ನಿಂದಲೇ ಕಂಪ್ಯೂಟರ್ ಏಳಿಸುವ ಉಚಿತ ವ್ಯವಸ್ಥೆ. ಪೆನ್ ಡ್ರೈವ್ ಖಾಲಿ ಇರಲಿ, ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಅದನ್ನು ನಿಮ್ಮ ಲ್ಯಾಪ್‌ಟಾಪ್‌ಗೆ ಚುಚ್ಚಿ, ಆನ್ ಮಾಡುವಾಗ ಡೆಲ್, ಲೆನೊವೊದಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9 ಒತ್ತಿ. ಬರುವ ಪಟ್ಟಿಯಲ್ಲಿ ಪೆನ್ ಡ್ರೈವ್ ಆರಿಸಿ. ‘ಟ್ರೈ’ ಆಯ್ಕೆ ಮಾಡಿ, ‘ಇನ್‌ಸ್ಟಾಲ್’ ಕಡೆ ಕೈ ಹಾಕಬೇಡಿ. ನಿಮ್ಮ ಡ್ರೈವ್ ತೆರೆದು ಯೂಸರ್ಸ್ ಫೋಲ್ಡರ್‌ಗೆ ಹೋಗಿ, ಫೋಟೊ, ಡಾಕ್ಯುಮೆಂಟ್ ಎಲ್ಲ ಎಕ್ಸ್‌ಟರ್ನಲ್ ಡಿಸ್ಕ್‌ಗೆ ಹಾಕಿಕೊಳ್ಳಿ. ಟ್ಯಾಲಿ ಡೇಟಾ ಸಾಮಾನ್ಯವಾಗಿ ಡೆಸ್ಕ್‌ಟಾಪ್‌ನಲ್ಲಿ ಇರುವುದಿಲ್ಲ, ಬೇರೆ ಫೋಲ್ಡರ್‌ನಲ್ಲಿರುತ್ತದೆ. ಅದನ್ನು ಹುಡುಕಿ ತೆಗೆಯದೆ ಮುಂದೆ ಹೋಗಬೇಡಿ. ಸಾಫ್ಟ್‌ವೇರ್ ಫೈಲ್‌ಗಳನ್ನು ಮಾತ್ರ ತರಬೇಡಿ, ವೈರಸ್ ಅವುಗಳ ಜೊತೆಗೇ ಬರುತ್ತದೆ.

ಬೇರೆ ಕಂಪ್ಯೂಟರ್ ಸಿಗದಿದ್ದರೆ ಇನ್ನೊಂದು ದಾರಿ ಇದೆ. ವಿಂಡೋಸ್ ಏಳುವಾಗಲೇ ಪವರ್ ಬಟನ್ ಒತ್ತಿ ಹಿಡಿದು ಎರಡು ಮೂರು ಸಲ ಆಫ್ ಮಾಡಿದರೆ ರಿಕವರಿ ಮೆನು ಬರುತ್ತದೆ. ಅಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಇಂಗ್ಲಿಷ್‌ನಲ್ಲಿ ‘ನೋಟ್‌ಪ್ಯಾಡ್’ ಅಂತ ಟೈಪ್ ಮಾಡಿ. ಅದರ ‘ಓಪನ್’ ಕಿಟಕಿಯಲ್ಲಿ ‘ಆಲ್ ಫೈಲ್ಸ್’ ಇಟ್ಟರೆ ನಿಮ್ಮ ಫೈಲ್‌ಗಳೆಲ್ಲ ಕಾಣುತ್ತವೆ. ರೈಟ್ ಕ್ಲಿಕ್ ಮಾಡಿ ಕಾಪಿ ಮಾಡಬಹುದು. ಸಿ ಡ್ರೈವ್ ಅಲ್ಲಿ ಬೇರೆ ಅಕ್ಷರದಲ್ಲಿ ಕಾಣಿಸಬಹುದು, ಗಾಬರಿ ಬೇಡ. ಕಾಪಿ ಆಗುವಾಗ ಹ್ಯಾಂಗ್ ಆದ ಹಾಗೆ ಕಾಣುತ್ತದೆ, ಕಾಯಿರಿ.

ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ 48 ಅಂಕಿಯ ಕೀ ಕೇಳಿದರೆ, ಮೊಬೈಲ್‌ನಿಂದ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ ನೋಡಿ, ಹೆಚ್ಚಾಗಿ ಅಲ್ಲಿರುತ್ತದೆ. ಕೀ ಇಲ್ಲದೆ ಒಡೆದುಕೊಡ್ತೀವಿ ಅನ್ನುವವರಿಗೆ ದುಡ್ಡು ಕೊಡಬೇಡಿ. ಡಿಸ್ಕ್‌ನಿಂದ ಟಕ್ ಟಕ್ ಸದ್ದು ಬಂದರೆ ಎಲ್ಲ ನಿಲ್ಲಿಸಿ, ಅದು ವೈರಸ್ ಕೆಲಸ ಅಲ್ಲ, ಡಿಸ್ಕೇ ಕೆಡುತ್ತಿರಬಹುದು.

ಕಾಪಿ ಮಾಡಿದ ಫೋಟೊ ಇನ್ನೊಂದು ಕಡೆ ತೆರೆಯುತ್ತದೆ ಅಂತ ಕಣ್ಣಾರೆ ನೋಡಿ. ಆಮೇಲೆ ಸ್ಟಾರ್ಟಪ್ ರಿಪೇರಿ, ಸಿಸ್ಟಮ್ ರಿಸ್ಟೋರ್ ಮಾಡಿ. ಆಗದಿದ್ದರೆ ಹೊಸದಾಗಿ ವಿಂಡೋಸ್ ಹಾಕಿಸಿ. ಬ್ಯಾಂಕ್, ಇಮೇಲ್ ಪಾಸ್‌ವರ್ಡ್‌ಗಳನ್ನು ಈಗಲೇ ಮೊಬೈಲ್‌ನಿಂದ ಬದಲಾಯಿಸಿ.

ಪ್ರಶ್ನೆ: ಫೈಲ್ ಹೆಸರಿನ ಕೊನೆಗೆ ಏನೋ ನಾಲ್ಕು ಅಕ್ಷರ ಸೇರಿಕೊಂಡಿದೆ, ತೆರೆಯುತ್ತಿಲ್ಲ. ಹಣ ಕಟ್ಟಲಾ?

ಬೇಡ. ಇದು ಫೈಲ್‌ಗೆ ಬೀಗ ಹಾಕಿ ಹಣ ಕೇಳುವ ರ್‍ಯಾನ್ಸಮ್‌ವೇರ್ ಇರಬೇಕು. 2016ರಲ್ಲಿ ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್ ಮತ್ತು ಡಚ್ ಪೊಲೀಸರು ಸೇರಿ ಶುರು ಮಾಡಿದ ‘ನೋ ಮೋರ್ ರ್‍ಯಾನ್ಸಮ್’ ತಾಣದಲ್ಲಿ ಉಚಿತ ಕೀ ಇದೆಯಾ ನೋಡಿ. ಇಲ್ಲದಿದ್ದರೆ ಫೈಲ್‌ಗಳನ್ನು ಹಾಗೇ ಎತ್ತಿಡಿ, ಕೀ ಮುಂದೆ ಸಿಗಬಹುದು. ಯೂಟ್ಯೂಬ್ ವಿಡಿಯೊ ಕೆಳಗಿನ ಲಿಂಕ್‌ನಿಂದ ಬೀಗ ತೆಗೆಯುತ್ತದೆ ಅನ್ನುವ ಯಾವ ‘ಡಿಕ್ರಿಪ್ಟರ್’ ಕೂಡ ಇಳಿಸಬೇಡಿ. ಅದರಲ್ಲೇ ಇನ್ನೊಂದು ವೈರಸ್ ಇರಬಹುದು.

ಪ್ರಶ್ನೆ: ಒಳ್ಳೆಯ ಕ್ರ್ಯಾಕ್ ಆಂಟಿವೈರಸ್ ಯಾವುದು?

ಯಾವುದೂ ಇಲ್ಲ.

ಪ್ರಶ್ನೆ: ಫೈಲ್ ಎಲ್ಲ ಸಿಕ್ಕಿತು. ಆದರೆ ಹೊಸ ವಿಂಡೋಸ್‌ನಲ್ಲಿ ಕನ್ನಡ ಪತ್ರಗಳು ಇಂಗ್ಲಿಷ್ ಅಕ್ಷರ, ಗೀಟುಗಳಾಗಿ ಕಾಣುತ್ತಿವೆ. ವೈರಸ್ ಅಲ್ವಾ?

ಅಲ್ಲ. ನುಡಿಯಲ್ಲೋ ಬರಹದಲ್ಲೋ ಟೈಪ್ ಮಾಡಿದ ಪತ್ರಗಳಿರಬೇಕು. ಆ ಫಾಂಟ್ ಮತ್ತೆ ಹಾಕಿ, ಅಕ್ಷರ ಕಾಣುತ್ತದೆ. ದಯವಿಟ್ಟು ಡಿಲೀಟ್ ಮಾಡಬೇಡಿ.