ಸೈಕಲ್ ಪ್ರಶ್ನೋತ್ತರ: ಜಾಲಿ ಮುಳ್ಳು, ಕೆಂಪು ದೂಳು, ಶಾಲೆಯ ಹಳೇ ಸೈಕಲ್ಲು

ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳ ಓದುಗರ ಪ್ರಶ್ನೆಗಳಿಗೆ ಸೈಕಲ್ ಕ್ಲಬ್ಬಿನ ರಿಪೇರಿ ಬಳಗದವರು ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ಭಾನುವಾರ ಕಾಲುವೆ ದಂಡೆ ಹಿಡಿದು ಹೊರಟರೆ ಗುಂಪಿನಲ್ಲಿ ಮೂರ್ನಾಲ್ಕು ಸೈಕಲ್ಲಾದರೂ ಪಂಚರ್ ಆಗುತ್ತವೆ. ಪ್ಯಾಚ್ ಹಾಕಿ ಹತ್ತು ನಿಮಿಷ ತುಳಿಯುವಷ್ಟರಲ್ಲಿ ಮತ್ತೆ ಗಾಳಿ ಇಳಿಯುತ್ತದೆ. ಟ್ಯೂಬಿಗೆ ಸೀಲಂಟ್ (ಒಳಗಿದ್ದು ತೂತನ್ನು ತಾನೇ ಮುಚ್ಚುವ ದ್ರವ) ಹಾಕಿಸಿದರೆ ಪಾರಾಗಬಹುದೇ?
— ಓದುಗರು, ಗಂಗಾವತಿ

ಎರಡನೇ ಸಲ ಗಾಳಿ ಇಳಿಯುವುದಕ್ಕೆ ಕಾರಣ ಟೈರಿನಲ್ಲೇ ಕೂತಿರುತ್ತದೆ. ಬಳ್ಳಾರಿ ಜಾಲಿಯ ಮುಳ್ಳು ಚುಚ್ಚಿದ ಮೇಲೆ ಅದರ ತುದಿ ಮುರಿದು ರಬ್ಬರಿನೊಳಗೆ ಉಳಿದುಬಿಡುತ್ತದೆ. ಹೊರಗೆ ಕಾಣುವುದಿಲ್ಲ, ಒಳಗೆ ಬೆರಳಾಡಿಸಿದರೂ ಎಷ್ಟೋ ಸಲ ಸಿಗುವುದಿಲ್ಲ. ಸವಾರನ ಭಾರ ಬಿದ್ದಾಗ ಮಾತ್ರ ಮೊನೆ ಒಳಕ್ಕೆ ಚಾಚುತ್ತದೆ. ಹಾಗಾಗಿ ಟೈರಿನ ಒಳಮೈಯಲ್ಲಿ ಒಂದು ತುಣುಕು ಹತ್ತಿಯನ್ನು ನಿಧಾನವಾಗಿ ಸುತ್ತ ಎಳೆಯಿರಿ. ಎಲ್ಲಿ ಎಳೆ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮುಳ್ಳಿದೆ. ಟೈರನ್ನು ಆ ಜಾಗದಲ್ಲಿ ಒಳಮೈ ಮೇಲಕ್ಕೆ ಬರುವಂತೆ ಬಗ್ಗಿಸಿ, ಉಗುರು ಕತ್ತರಿಯಿಂದ ಹಿಡಿದು ಕೀಳಿ. ಜಾಗ ಬೇಗ ಸಿಗಬೇಕಾದರೆ ಟೈರಿನ ಮೇಲಿನ ಅಕ್ಷರಗಳು ವಾಲ್ವಿನ ನೇರಕ್ಕೆ ಬರುವಂತೆ ಯಾವಾಗಲೂ ಕೂಡಿಸಿ. ಆಗ ಟ್ಯೂಬಿನ ತೂತು ವಾಲ್ವಿನಿಂದ ಎಷ್ಟು ದೂರವೋ ಟೈರಿನಲ್ಲೂ ಅಷ್ಟೇ ದೂರ.

ಜಾಲಿ ಮುಳ್ಳು ಉದ್ದ. ಟ್ಯೂಬಿನ ಒಂದು ಮೈ ತೂರಿ ಎದುರು ಮೈಗೂ ತಾಗಿರುತ್ತದೆ. ಒಂದು ತೂತು ಸಿಕ್ಕಿತೆಂದು ಬಿಡದೆ ರಿಮ್ ಕಡೆಯ ಮೈಯನ್ನೂ ನೀರಿನಲ್ಲಿ ಅದ್ದಿ ನೋಡಿ. ಪ್ಯಾಚ್ ಕಿತ್ತು ಬರುವುದಕ್ಕೆ ಮುಖ್ಯ ಕಾರಣ ಅವಸರ. ಪ್ಯಾಚಿಗಿಂತ ಅಗಲ ಜಾಗವನ್ನು ಮರಳು ಕಾಗದದಿಂದ ಉಜ್ಜಿ, ಸಲೂಷನ್ ತೆಳ್ಳಗೆ ಸವರಿ, ಐದು ನಿಮಿಷ ಬಿಡಿ. ಬೆರಳಿಗೆ ಅಂಟದಷ್ಟು ಒಣಗಿದ ಮೇಲೇ ಪ್ಯಾಚ್ ಒತ್ತಬೇಕು. ಹಸಿ ಇರುವಾಗ ಒತ್ತಿದ್ದು ಬಿಸಿಲಿಗೆ ಜಾರುತ್ತದೆ.

ಸೀಲಂಟ್ ಈ ಭಾಗಕ್ಕೆ ದುಡ್ಡು ಕೊಟ್ಟು ಹಾಕಿಸುವಂಥದ್ದೇ, ಆದರೆ ಎಲ್ಲ ಸೈಕಲ್ಲಿಗೂ ಅಲ್ಲ. 26 ಇಂಚಿನ ದಪ್ಪ ಟೈರಿಗೆ ಒಂದು ಟ್ಯೂಬಿಗೆ 100ರಿಂದ 120 ಮಿ.ಲೀ. ಬೇಕು. 3 ಮಿ.ಮೀ. ತನಕದ ತೂತು ಮುಚ್ಚುತ್ತದೆ. ಹೆಚ್ಚು ಗಾಳಿ ಬೇಡುವ ಸಣ್ಣ ಟೈರಿನಲ್ಲಿ ಒತ್ತಡಕ್ಕೆ ಚಿಮ್ಮಿ ಹೊರಬರುತ್ತದೆ, ನಿಲ್ಲುವುದಿಲ್ಲ. ಮುಳ್ಳು ಕಿತ್ತ ಕೂಡಲೇ ತೂತು ಕೆಳಗೆ ಬರುವಂತೆ ಗಾಲಿ ತಿರುಗಿಸಿ ಸ್ವಲ್ಪ ಹೊತ್ತು ನಿಲ್ಲಿಸಿ, ಆಮೇಲೆ ಗಾಳಿ ಹೊಡೆಯಿರಿ. ಹಳೇ ಟ್ಯೂಬನ್ನು ಉದ್ದಕ್ಕೆ ಸೀಳಿ ಟೈರಿಗೂ ಟ್ಯೂಬಿಗೂ ನಡುವೆ ಪಟ್ಟಿಯಂತೆ ಹಾಸುವುದೂ ಒಳ್ಳೆಯದೇ. ಖರ್ಚಿಲ್ಲ. ಆದರೆ ಪಟ್ಟಿಯ ಎರಡು ತುದಿ ಒಂದರ ಮೇಲೊಂದು ಬಂದಲ್ಲಿ ಟ್ಯೂಬು ಉಜ್ಜಿ ಸವೆಯುತ್ತದೆ. ತುದಿಗಳನ್ನು ಓರೆಯಾಗಿ ತೆಳ್ಳಗೆ ಕತ್ತರಿಸಿ, ಒಂದಿಷ್ಟು ಪೌಡರ್ ಉದುರಿಸಿ. ಇನ್ನು ದಂಡೆಯ ಮೇಲೆ ಜಾಲಿ ಕಡಿದು ಎಳೆದೊಯ್ದ ಗುರುತು ಕಂಡರೆ ಇಳಿದು ಸೈಕಲ್ ಎತ್ತಿಕೊಂಡು ದಾಟಿ. ಅದಕ್ಕಿಂತ ಒಳ್ಳೆಯ ಔಷಧಿ ಯಾವ ಅಂಗಡಿಯಲ್ಲೂ ಇಲ್ಲ.

ಪ್ರಶ್ನೆ: ಎಂಟನೇ ತರಗತಿಯಲ್ಲಿ ಸರ್ಕಾರ ಕೊಟ್ಟಿದ್ದ ಸೈಕಲ್ಲುಗಳು ನಮ್ಮ ಹಳ್ಳಿಯ ಮನೆಮನೆಯ ಹಿತ್ತಲಲ್ಲಿ ತುಕ್ಕು ಹಿಡಿದು ಬಿದ್ದಿವೆ. ಗೆಳೆಯರ ಕ್ಲಬ್ಬಿನಿಂದ ಒಂದು ದಿನದ ರಿಪೇರಿ ಶಿಬಿರ ಮಾಡಿ, ನಡೆದು ಬರುವ ಮಕ್ಕಳಿಗೆ ಕೊಡಿಸಬೇಕೆಂದಿದ್ದೇವೆ. ಎಷ್ಟು ಜನ, ಏನೇನು ಸಾಮಾನು ಬೇಕು?
— ಶಿಕ್ಷಕರು, ಮಾನ್ವಿ ತಾಲ್ಲೂಕು

2006-07ರಲ್ಲಿ ಆ ಯೋಜನೆ ಶುರುವಾದದ್ದರಿಂದ ನಿಮ್ಮ ಹಿತ್ತಲುಗಳಲ್ಲಿ ಬೇರೆ ಬೇರೆ ವರ್ಷದ ಸೈಕಲ್ಲುಗಳು ಸಿಗುತ್ತವೆ. ಶಿಬಿರಕ್ಕೆ ಎರಡು ವಾರ ಮೊದಲು ಮನೆಮನೆಗೆ ಹೋಗಿ ನೋಡಿ, ಒಂದೊಂದಕ್ಕೂ ಚೀಟಿ ಕಟ್ಟಿ. ಗಾಳಿ, ಪಂಚರ್, ಎಣ್ಣೆಯಷ್ಟೇ ಬೇಕಾದದ್ದು ಮೊದಲ ಗುಂಪು. ಬ್ರೇಕು, ಗಾಲಿಯ ನಡುವಿನ ಹಬ್ಬು, ಚೈನು ಬಿಚ್ಚಬೇಕಾದದ್ದು ಎರಡನೆಯದು. ಫ್ರೇಮು ಬಿರುಕು ಬಿಟ್ಟದ್ದು, ರಿಮ್ಮು ತುಕ್ಕಿಗೆ ತೂತಾದದ್ದು ಮೂರನೆಯದು. ಇದನ್ನು ಓಡಿಸಬೇಡಿ, ಬಿಚ್ಚಿ ಬೇರೆಯವಕ್ಕೆ ಬಿಡಿಭಾಗ ಮಾಡಿಕೊಳ್ಳಿ. ಎರಡನೇ ಗುಂಪಿನ ಒಂದು ಸೈಕಲ್ಲಿಗೆ ಕೈ ಪಳಗಿದವರಿಗೂ ಒಂದೂವರೆ ತಾಸು ಹಿಡಿಯುತ್ತದೆ. ಎಂಟು ಜನ ಆರು ತಾಸು ದುಡಿದರೆ ಮೂವತ್ತರ ಆಸುಪಾಸು. ಅದಕ್ಕಿಂತ ಹೆಚ್ಚು ಒಪ್ಪಿಕೊಂಡರೆ ಸಂಜೆಗೆ ಅರ್ಧ ಬಿಚ್ಚಿದ ಸೈಕಲ್ಲುಗಳು ಶಾಲೆಯ ಅಂಗಳದಲ್ಲಿ ಉಳಿಯುತ್ತವೆ.

ಸಾಮಾನು ತರುವಾಗ ಹೆಚ್ಚು ಜನ ಎಡವುವುದು ಟೈರಿನ ಅಳತೆಯಲ್ಲಿ. ಅಂಗಡಿಯಲ್ಲಿ ‘26 ಇಂಚು’ ಎಂದು ಕೇಳಿದರೆ ಎರಡು ಬೇರೆ ಟೈರುಗಳು ಬರುತ್ತವೆ. ತೆಳ್ಳನೆಯ 26 x 1⅜ ಕೂರುವ ರಿಮ್ಮಿನ ಅಡ್ಡಳತೆ 590 ಮಿ.ಮೀ., ದಪ್ಪನೆಯ ಗುಡ್ಡಗಾಡು ಸೈಕಲ್ಲಿನದು 559. ಒಂದರ ರಿಮ್ಮಿಗೆ ಇನ್ನೊಂದು ಕೂರುವುದೇ ಇಲ್ಲ. ದೊಡ್ಡ ಸೈಕಲ್ಲಿನ 28 x 1½ಗೆ 635. ಹಳೇ ಟೈರಿನ ಪಕ್ಕದಲ್ಲಿ ಒತ್ತಿರುವ ಸಂಖ್ಯೆಯನ್ನೇ ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಮೂವತ್ತು ಸೈಕಲ್ಲಿಗೆ ಬ್ರೇಕ್ ರಬ್ಬರ್ ಮಾತ್ರ ಪೂರ್ತಿ 120 ತನ್ನಿ. ಒಂದಕ್ಕೆ ನಾಲ್ಕು. ಎಷ್ಟೇ ದಪ್ಪ ಉಳಿದಿದ್ದರೂ ಹಳೆಯವು ಬಿಸಿಲಿಗೆ ಗಟ್ಟಿಯಾಗಿರುತ್ತವೆ, ಹಿಡಿಯುವುದಿಲ್ಲ. ಟ್ಯೂಬು, ಟೈರಿನ ಲೆಕ್ಕ ಚೀಟಿಗಳಿಂದಲೇ ಸಿಗುತ್ತದೆ. ಅದರ ಮೇಲೆ ಐದಾರು ಹೆಚ್ಚಿಗೆ ಇರಲಿ. ಪೆಡಲಿನ ಕ್ರ್ಯಾಂಕನ್ನು ಅಚ್ಚಿಗೆ ಬಿಗಿಯುವ ಕಾಟರ್ ಪಿನ್ನು, ರಿಮ್ ಟೇಪು, ವಾಲ್ ಟ್ಯೂಬಿನ (ವಾಲ್ವಿನೊಳಗಿನ ಸಣ್ಣ ರಬ್ಬರ್ ನಳಿಕೆ) ಉದ್ದನೆಯ ಎಳೆ, ಒಂದು ಕಿಲೋ ಗ್ರೀಸು, ಭಾಗ ತೊಳೆಯಲು ಚಿಮಣಿ ಎಣ್ಣೆ ಅಥವಾ ಡೀಸೆಲ್ ಬೇಕು. ತೂತಿಲ್ಲದೆ ಗಾಳಿ ಇಳಿಯುವ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಕೆಟ್ಟಿರುವುದು ಆ ವಾಲ್ ಟ್ಯೂಬಿನ ಚೂರೇ. ವಾಲ್ವಿನ ಬಾಯಿಗೆ ಒಂದು ಹನಿ ನೀರು ಹಚ್ಚಿ, ಗುಳ್ಳೆ ಬಂದರೆ ಅದನ್ನಷ್ಟೇ ಬದಲಿಸಿ.

ಹಬ್ಬಿನಲ್ಲಿ ಬೇರಿಂಗ್ ಗುಂಡುಗಳನ್ನು ಹಳತು ಹೊಸತು ಬೆರೆಸಬೇಡಿ. ಸಾಮಾನ್ಯವಾಗಿ ಹಿಂದಿನ ಹಬ್ಬಿಗೆ ಕಾಲು ಇಂಚಿನವು, ಒಂದು ಬದಿಗೆ 9. ಮುಂದಿನದಕ್ಕೆ 3/16 ಇಂಚಿನವು, ಬದಿಗೆ 10. ಗುಂಡುಗಳನ್ನು ಒತ್ತಿಹಿಡಿಯುವ ಕೋನು ಬಿಗಿ ಮಾಡಿದ ಮೇಲೆ ಗಾಲಿಯನ್ನು ಮೆಲ್ಲಗೆ ತಿರುಗಿಸಿ ಬಿಡಿ. ತಾನಾಗಿ ಹಿಂದೆ ಮುಂದೆ ತೂಗಿ, ಭಾರದ ಬದಿ ಕೆಳಗೆ ಬಂದು ನಿಂತರೆ ಬಿಗಿ ಸರಿಯಿದೆ. ಇದ್ದಲ್ಲೇ ಗಕ್ಕನೆ ನಿಂತರೆ ಹೆಚ್ಚಾಗಿದೆ. ರಿಮ್ ಹಿಡಿದು ಪಕ್ಕಕ್ಕೆ ಅಲುಗಿಸಿದಾಗ ಟಕಟಕ ಎಂದರೆ ಸಡಿಲ. ಎಡ ಪೆಡಲಿನ ಮರೆ (ತಿರುಪಿನ ಸುತ್ತು) ಉಲ್ಟಾ, ಗಡಿಯಾರದ ಮುಳ್ಳು ತಿರುಗುವ ಕಡೆಗೆ ತಿರುಗಿಸಿದರೆ ಬಿಚ್ಚುತ್ತದೆ. ಇದು ಗೊತ್ತಿಲ್ಲದ ಹುಡುಗರು ಪಾನಾ ಮೇಲೆ ನಿಂತು ಕ್ರ್ಯಾಂಕಿನ ಮರೆಯನ್ನೇ ಹಾಳು ಮಾಡುತ್ತಾರೆ. ಎರಡು ಕಾಟರ್ ಪಿನ್ನುಗಳೂ ಒಂದಕ್ಕೊಂದು ಎದುರು ಮುಖವಾಗಿ ಕೂರಬೇಕು. ತಪ್ಪಿದರೆ ಪೆಡಲುಗಳು ಒಂದೇ ಗೆರೆಯಲ್ಲಿ ಬರುವುದಿಲ್ಲ.

ಬಣ್ಣ ಬಳಿಯಲು ದುಡ್ಡು ಹಾಕಬೇಡಿ. ದಾನಿಗಳಿಗೆ ಫೋಟೋ ಚೆನ್ನಾಗಿ ಬರುತ್ತದೆ, ಬ್ರೇಕಿಗೆ ಹಣ ಸಾಲುವುದಿಲ್ಲ. ಊರಿನ ಪಂಚರ್ ಅಂಗಡಿಯವರನ್ನು ಆ ದಿನದ ಕೂಲಿ ಕೊಟ್ಟು ಮುಂದಾಳಾಗಿ ಕರೆಯಿರಿ, ಶಿಬಿರ ಮುಗಿದ ಮೇಲೆ ಈ ಸೈಕಲ್ಲುಗಳು ಹೋಗುವುದು ಅವರ ಹತ್ತಿರವೇ. ರಿಪೇರಿ ಮಾಡಿದವರೇ ಕೊನೆಯ ತಪಾಸಣೆ ಮಾಡುವುದು ಬೇಡ, ಬೇರೊಬ್ಬರು ಓಡಿಸಿ ನೋಡಿ ಚೀಟಿಗೆ ಸಹಿ ಹಾಕಲಿ.

ಪ್ರಶ್ನೆ: ಸಂಡೂರು ರಸ್ತೆಯಲ್ಲಿ ಎರಡು ಸಲ ಹೋಗಿ ಬಂದರೆ ಚೈನಿನ ಮೇಲೆ ಕೆಂಪು ಲೇಹ್ಯ ಕಟ್ಟುತ್ತದೆ. ಎಣ್ಣೆ ಹೆಚ್ಚು ಹಾಕಿದಷ್ಟೂ ಜಾಸ್ತಿ.
— ಓದುಗರು, ಬಳ್ಳಾರಿ

ಎಣ್ಣೆ ಹೆಚ್ಚಾದದ್ದೇ ಕಾರಣ. ಅದಿರಿನ ದೂಳು ಎಣ್ಣೆಯಲ್ಲಿ ಕಲೆತರೆ ಕಬ್ಬಿಣ ಅರೆಯುವ ಮಸಾಲೆಯಾಗುತ್ತದೆ. ಬೈಕಿನ ಎಂಜಿನ್ ಆಯಿಲ್ ಬೇಡ, ತೆಳು ಎಣ್ಣೆ ಸಾಕು. ಮೊದಲು ಚೈನನ್ನು ಡೀಸೆಲ್ ಬಟ್ಟೆಯಿಂದ ಒರೆಸಿ ಒಣಗಿಸಿ. ಒಂದೊಂದು ರೋಲರಿಗೂ ಒಂದೊಂದೇ ಹನಿ ಬಿಟ್ಟು, ಪೆಡಲ್ ಹಿಂದಕ್ಕೆ ತಿರುಗಿಸಿ, ಹತ್ತು ನಿಮಿಷದ ನಂತರ ಹೊರಮೈಯನ್ನು ಒಣ ಬಟ್ಟೆಯಿಂದ ಪೂರ್ತಿ ಒರೆಸಿಬಿಡಿ. ಎಣ್ಣೆ ಬೇಕಾಗಿರುವುದು ಒಳಗೆ. ತಿಂಗಳಿಗೊಮ್ಮೆ ಸ್ಟೀಲ್ ಸ್ಕೇಲ್ ಇಟ್ಟು ಅಳೆಯಿರಿ. ಹೊಸ ಚೈನಿನಲ್ಲಿ ಒಂದು ಪಿನ್ನಿನ ನಡುವಿನಿಂದ 24 ಪಿನ್ನು ಎಣಿಸಿದರೆ ಸರಿಯಾಗಿ 12 ಇಂಚು. 12 1/16 ಆದರೆ ಚೈನು ಬದಲಿಸಿ. 12 1/8 ಆಗುವ ತನಕ ಬಿಟ್ಟರೆ ಫ್ರೀವೀಲಿನ ಹಲ್ಲೂ ಹೋಗಿರುತ್ತದೆ, ಹೊಸ ಚೈನು ಅದರ ಮೇಲೆ ಜಾರುತ್ತದೆ.

ಪ್ರಶ್ನೆ: 200 ಕಿ.ಮೀ. ಬ್ರೆವೆಗೆ (ಗೊತ್ತುಮಾಡಿದ ಹೊತ್ತಿನೊಳಗೆ ಮುಗಿಸಬೇಕಾದ ದೂರದ ಸವಾರಿಗೆ) ದುಬಾರಿ ಸೈಕಲ್ಲೇ ಬೇಕೇ?
— ಓದುಗರು, ಕೊಪ್ಪಳ

ಬೇಡ. ಕಾಲಿನಿಂದ ತುಳಿದು ಓಡುವ ಯಾವ ಸೈಕಲ್ಲಾದರೂ ನಡೆಯುತ್ತದೆ. ಹೆಲ್ಮೆಟ್ಟು, ಹೊಳೆಯುವ ಜಾಕೆಟ್ಟು, ಹಿಂದೆ ಮುಂದೆ ದೀಪ ಕಡ್ಡಾಯ. 200ಕ್ಕೆ 13 ಗಂಟೆ 30 ನಿಮಿಷ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆ. ನಡುವಿನ ತಪಾಸಣೆ ಜಾಗಗಳಿಗೂ ಹೊತ್ತಿನ ಮಿತಿಯುಂಟು. 100ನೇ ಕಿ.ಮೀ.ಗೆ 6 ಗಂಟೆ 40 ನಿಮಿಷದೊಳಗೆ ಮುಟ್ಟಬೇಕು. ತಾಸಿಗೆ 20 ಕಿ.ಮೀ. ತುಳಿದರೆ ಹತ್ತು ತಾಸಿನ ದಾರಿ, ಉಳಿದ ಮೂರೂವರೆ ತಾಸು ನಿಮ್ಮದು. ಅದು ಕರಗುವುದು ಉಗ್ಗಾಣಿ ಮಿರ್ಚಿಯ ಹೋಟೆಲುಗಳಲ್ಲೇ. ಜೂನ್‌ನಿಂದ ಸೆಪ್ಟೆಂಬರ್ ತನಕ ತಯಾರಿ ನಡೆಸುವುದಾದರೆ ಕುಕನೂರು, ಇಟಗಿ ಕಡೆಗೆ ಬೆಳಿಗ್ಗೆಯೇ ಪಡುವಣ ಗಾಳಿಗೆ ಎದುರಾಗಿ ಹೋಗಿ. ದಣಿದು ಮರಳುವಾಗ ಗಾಳಿ ಬೆನ್ನಿಗಿರುತ್ತದೆ.

ಪ್ರಶ್ನೆ: ಮಳೆ ಬಿದ್ದ ಮರುದಿನ ಎರೆ ಹೊಲದ ದಾರಿಯಲ್ಲಿ ಗಾಲಿಯೇ ತಿರುಗುವುದಿಲ್ಲ.
— ಓದುಗರು, ಸಿಂಧನೂರು

ತಿರುಗಿಸಲು ಹೋಗಬೇಡಿ, ಮಡ್‌ಗಾರ್ಡಿನ ಕಡ್ಡಿ ಕಿತ್ತುಬರುತ್ತದೆ. ಕೋಲಿನಿಂದ ಬ್ರೇಕಿನ ಸಂದು ಬಿಡಿಸಿ, ಸೈಕಲ್ ಹೊತ್ತು ಡಾಂಬರು ಮುಟ್ಟಿ. ಎರೆ ಮಣ್ಣು ಹಸಿಯಿರುವಾಗಲೇ ನೀರು ಸುರಿದು ತೊಳೆಯಬೇಕು. ನೀರಿನ ಪೈಪನ್ನು ಹಬ್ಬಿಗೆ ಗುರಿಯಿಟ್ಟರೆ ಗ್ರೀಸು ಹೋಗುತ್ತದೆ.

ಪ್ರಶ್ನೆ: ಏಪ್ರಿಲ್, ಮೇ ತಿಂಗಳಲ್ಲಿ ಕ್ಲಬ್ಬಿನ ಸವಾರಿ ನಿಲ್ಲಿಸಬೇಕೇ? ಬಿಸಿಲಿಗೆ ಟೈರು ಒಡೆಯುತ್ತದಂತೆ.
— ಓದುಗರು, ರಾಯಚೂರು

ಬರೀ ಬಿಸಿಲಿಗೆ ಟೈರು ಒಡೆಯುವುದು ಅಪರೂಪ. 20 ಡಿಗ್ರಿ ಏರಿದರೆ 60 ಪಿ.ಎಸ್.ಐ. ಇದ್ದ ಗಾಳಿ 65 ಆದೀತು, ಅಷ್ಟೆ. ಒಡೆದ ಟ್ಯೂಬು ನೋಡಿದರೆ ಬಹಳ ಸಲ ಟೈರಿನ ಅಂಚಿನಡಿ ಸಿಕ್ಕಿಕೊಂಡದ್ದೇ ಕಾರಣವಾಗಿರುತ್ತದೆ. ಕೆಡುವುದು ಸವಾರನ ಮೈ. ಬೆಳಿಗ್ಗೆ ಐದಕ್ಕೆ ಹೊರಟು ಎಂಟೂವರೆಗೆ ಮನೆ ಸೇರಿ. ಬರೀ ನೀರು ಲೀಟರುಗಟ್ಟಲೆ ಕುಡಿದರೆ ಬೆವರಿನಲ್ಲಿ ಹೋದ ಉಪ್ಪು ಬರುವುದಿಲ್ಲ. ಒಂದು ಲೀಟರು ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕಲಸಿ ಒಯ್ಯಿರಿ. ಉಪ್ಪು ಇದಕ್ಕಿಂತ ಹೆಚ್ಚಾಗಬಾರದು. ಬೆವರು ನಿಂತಿರಲಿ ಬಿಡಲಿ, ಮಾತು ತೊದಲಿದವರನ್ನು ಕೂಡಲೇ ನೆರಳಿಗೆ ಒಯ್ದು ಮೈಮೇಲೆ ನೀರು ಸುರಿದು ಗಾಳಿ ಬೀಸಿ, ಆಸ್ಪತ್ರೆಗೆ ಸಾಗಿಸಿ.

ಐದಕ್ಕೆ ಹೊರಡುವುದೆಂದರೆ ಕತ್ತಲು. ಭತ್ತದ ಕೊಯ್ಲಿನ ಹೊತ್ತು ಬೇರೆ, ಹಿಂದೀಪವಿಲ್ಲದ ಟ್ರ್ಯಾಲಿಗಳು ರಸ್ತೆ ಪಕ್ಕ ನಿಂತಿರುತ್ತವೆ. ಮುಂದಿನ ದೀಪ ಪ್ರಖರವಿರುವವರನ್ನೇ ಸಾಲಿನ ಮೊದಲಿಗೆ ಬಿಡಿ. ಕೊನೆಯವರಿಗೆ ಎರಡು ಕೆಂಪು ದೀಪ ಹಾಕಿಸಿ, ಒಂದರ ಬ್ಯಾಟರಿ ಮುಗಿದರೂ ಇನ್ನೊಂದಿರುತ್ತದೆ.