ಪೋಸರ್ ಅಂದರೆ ಅನ್ನಲಿ, ಹಾಡು ಮುಚ್ಚಿಡಬೇಡಿ

ಪ್ರಶ್ನೆ: ನಾನು ಪಂಕ್ (ಒರಟು, ವೇಗದ ರಾಕ್ ಸಂಗೀತ) ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸುತ್ತೇನೆ. ಕೆಲಸಕ್ಕೆ ಸೇರಿದ ಮೇಲೆ ಮೋಹಾಕ್ (ನಡುವೆ ಮಾತ್ರ ಕೂದಲು ನಿಲ್ಲಿಸುವ ಶೈಲಿ) ತೆಗೆಸಿದೆ. ಇಸ್ತ್ರಿ ಶರ್ಟಿನಲ್ಲೇ ಪ್ರಾಕ್ಟೀಸಿಗೆ ಹೋಗುತ್ತೇನೆ. ಗೆಳೆಯರು ‘ಪೋಸರ್’, ಅಂದರೆ ಬರೀ ತೋರಿಕೆಯವನು, ಅಂತಾರೆ. ಒಂದು ನಿಧಾನದ ಹಾಡು ಬರೆದಿದ್ದೇನೆ, ಅವರಿಗೆ ಕೇಳಿಸಲು ಭಯ. ಯಾರೂ ನನಗೆ ಹೀಗಿರು ಅನ್ನಬಾರದು ಅಂತ ಪಂಕ್‌ಗೆ ಬಂದೆ. ಈಗ ಬೂಟಿನ ಲೇಸಿನ ಬಣ್ಣಕ್ಕೂ ಇವರ ಒಪ್ಪಿಗೆ ಬೇಕು. ಬಿಟ್ಟುಬಿಡಲೇ?

ಉತ್ತರ: ಈಗಲೇ ಬಿಡಬೇಡಿ. ಬೇರೆಲ್ಲೂ ಹೊಂದದವರಿಗೆ ಸಿಕ್ಕ ಗುಂಪು ಅದು. ಅಲ್ಲೂ ಹೊರಗಿನವರಾದರೆ ನೋವು ಜಾಸ್ತಿಯೇ.

ಆದರೆ ನಿಮ್ಮ ಗೆಳೆಯರು ಕಾವಲು ಕಾಯುತ್ತಿರುವ ‘ಅಸಲಿ ಪಂಕ್’ ಶುರುವಿನಲ್ಲಿ ಇರಲೇ ಇಲ್ಲ. 1970ರ ದಶಕದ ಮಧ್ಯದಲ್ಲಿ ನ್ಯೂಯಾರ್ಕಿನ ಸಿಬಿಜಿಬಿ ಕ್ಲಬ್ಬಿನಲ್ಲಿ ರಮೋನ್ಸ್ ಬ್ಯಾಂಡಿನವರು ಲೆದರ್ ಜಾಕೆಟ್ ಹಾಕಿ, ಎರಡೆರಡು ನಿಮಿಷದ ಹಾಡುಗಳನ್ನು ಒಂದರ ಹಿಂದೆ ಒಂದು ಬಾರಿಸುತ್ತಿದ್ದರು. ಅದೇ ವೇದಿಕೆಯಲ್ಲಿ ಟೆಲಿವಿಷನ್ ಬ್ಯಾಂಡಿನವರು ಉದ್ದುದ್ದ ಗಿಟಾರ್ ನುಡಿಸುತ್ತಿದ್ದರು. ಟಾಕಿಂಗ್ ಹೆಡ್ಸ್‌ನವರು ನಿಮ್ಮ ಹಾಗೇ ಸಾದಾ ಶರ್ಟಿನಲ್ಲಿ ನಿಲ್ಲುತ್ತಿದ್ದರು. ಲಂಡನ್ನಿನಲ್ಲಿ ಗಾಯಕಿ ಪಾಲಿ ಸ್ಟೈರೀನ್ ಹಲ್ಲಿಗೆ ಕ್ಲಿಪ್ ಇದ್ದ ಹಾಗೇ ಬಾಯ್ತುಂಬ ಕೂಗಿ ಹಾಡಿದರು. ಇನ್ನು ಆ ಹರಿದ ಬಟ್ಟೆ, ಪಿನ್ನು? ಅದನ್ನು ಬ್ಯಾಂಡ್ ಮ್ಯಾನೇಜರ್ ಮ್ಯಾಕ್ಲಾರೆನ್ ಮತ್ತು ವಸ್ತ್ರವಿನ್ಯಾಸಕಿ ವೆಸ್ಟ್‌ವುಡ್ ಲಂಡನ್ನಿನ ಕಿಂಗ್ಸ್ ರೋಡಿನ ಅಂಗಡಿಯಲ್ಲಿ ದುಡ್ಡಿಗೆ ಮಾರುತ್ತಿದ್ದರು! ಅಮೆರಿಕದ ಪಂಕ್ ಬ್ಯಾಂಡ್ ಡಿಸೆಂಡೆಂಟ್ಸ್‌ನ ಗಾಯಕ ಮೈಲೋ ಆಕರ್‌ಮನ್ ಕನ್ನಡಕದ ಹುಡುಗ. 1982ರಲ್ಲಿ ಕಾಲೇಜಿಗೆ ಅಂತ ಹೊರಟರು, ಮುಂದೆ ವಿಜ್ಞಾನಿಯೂ ಆದರು. ಅವರನ್ನು ಪಂಕ್ ಅಲ್ಲ ಅನ್ನುವ ಧೈರ್ಯ ನಿಮ್ಮ ಗೆಳೆಯರಿಗಿದೆಯಾ?

ಹಾಗಂತ ಎಲ್ಲ ಕಟ್ಟುಪಾಡೂ ಸುಮ್ನೆ ಅಲ್ಲ. ಪ್ರೇಕ್ಷಕರಲ್ಲಿ ಯಾರಾದರೂ ಪಕ್ಕದವರಿಗೆ ಗುದ್ದುತ್ತಿದ್ದರೆ ಫುಗಾಜಿ ಬ್ಯಾಂಡ್ ನುಡಿಸುವುದನ್ನೇ ನಿಲ್ಲಿಸುತ್ತಿತ್ತು. ಅಂಥ ನಿಯಮವನ್ನು ನಿಮ್ಮ ಬ್ಯಾಂಡ್ ಇಟ್ಟುಕೊಂಡಿದ್ದರೆ ನೀವೂ ಗಟ್ಟಿಯಾಗಿ ಹಿಡಿಯಿರಿ. ಲೇಸಿನ ಬಣ್ಣದಿಂದ ಯಾರಿಗೂ ಪೆಟ್ಟು ತಪ್ಪುವುದಿಲ್ಲ.

ನನಗನ್ನಿಸುವುದು, ನಿಮ್ಮನ್ನು ಹೀಯಾಳಿಸುವವರಿಗೂ ನಿಮ್ಮದೇ ಭಯ ಇದೆ. ನಾಳೆ ತಮ್ಮ ಸರದಿ ಬಂದೀತು ಅಂತ ಇವತ್ತು ನಿಮ್ಮತ್ತ ಬೆರಳು ತೋರಿಸುತ್ತಾರೆ.

ಮೊದಲು ಡ್ರಮ್ಮರ್ ಒಬ್ಬರನ್ನೇ ಕೂರಿಸಿಕೊಂಡು ಹಾಡು ಕೇಳಿಸಿ. ಇಬ್ಬರಿಗೂ ಹಿಡಿಸಿದರೆ ಮುಂದಿನ ಪ್ರಾಕ್ಟೀಸಿನಲ್ಲಿ ಪೀಠಿಕೆ ಹಾಕದೆ, ಕ್ಷಮೆ ಕೇಳದೆ ನುಡಿಸಿಬಿಡಿ. ಹಾಡು ಚೆನ್ನಾಗಿಲ್ಲ ಅಂದರೆ ಕೇಳಿಸಿಕೊಳ್ಳಿ, ತಿದ್ದಿ. ‘ಇದು ಪಂಕ್ ಅಲ್ಲ’ ಅಂತಷ್ಟೇ ಅಂದರೆ, ಹಾಡಿನಲ್ಲಿ ಏನು ಸರಿಯಿಲ್ಲ ಅಂತ ನೇರವಾಗಿ ಕೇಳಿ. ಅದಕ್ಕೂ ಶರ್ಟಿನ ಮಾತೇ ಉತ್ತರವಾದರೆ, ಡ್ರಮ್ಮರನ್ನು ಕರೆದುಕೊಂಡು ಹೊಸ ಬ್ಯಾಂಡ್ ಕಟ್ಟಿ.