ಒಂದೇ ತೋಟದ ಕೆಂಪು ವೈನ್ ರುಚಿ ವರ್ಷದಿಂದ ವರ್ಷಕ್ಕೆ ಬದಲಾಗುವುದೇಕೆ?

ಮುಖ್ಯ ಕಾರಣ ಆ ವರ್ಷದ ಹವಾಮಾನ. ಹೂ ಬಿಡುವಾಗ ಮಳೆ, ಚಳಿ ಹೆಚ್ಚಾದರೆ ಕಾಯಿ ಸರಿಯಾಗಿ ಕಚ್ಚುವುದಿಲ್ಲ, ಇಳುವರಿ ಕುಸಿಯುತ್ತದೆ. ಆದರೆ ನನ್ನ ಪ್ರಕಾರ ನಿಜಕ್ಕೂ ನಿರ್ಣಾಯಕವಾದದ್ದು ಹಣ್ಣು ಬಣ್ಣ ತಿರುಗಿದ ಮೇಲಿನ ಆರೇಳು ವಾರ. ಬಿಸಿಲು ಅತಿಯಾದರೆ ಸಕ್ಕರೆ ಬೇಗ ಏರಿ ಹುಳಿ ಕೊಡುವ ಮ್ಯಾಲಿಕ್ ಆಮ್ಲ ಇಳಿಯುತ್ತದೆ, ಬೀಜದ ಟ್ಯಾನಿನ್ (ಬಾಯಿ ಒಣಗಿಸುವ ಅಂಶ) ಮಾತ್ರ ಇನ್ನೂ ಒಗರಾಗಿಯೇ ಇರುತ್ತದೆ. ಕೊಯ್ಲಿನ ಹೊತ್ತಿಗೆ ಮಳೆ ಸುರಿದರೆ ರಸ ತೆಳುವಾಗಿ, ಗೊಂಚಲಿಗೆ ಬೂದು ಕೊಳೆ ಹತ್ತುತ್ತದೆ.

ರಸದ ಸಕ್ಕರೆ ಅಂಶ ಸೂಚಿಸುವ ಮಾಪನದಲ್ಲಿ ಸುಮಾರು 24 ಬ್ರಿಕ್ಸ್‌ಗೆ ಕೊಯ್ದರೆ ಶೇ 13–14 ಆಲ್ಕೋಹಾಲ್ ಸಿಗುತ್ತದೆ. ಸಿಪ್ಪೆಯೊಂದಿಗೆ 25–30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹುದುಗುವಾಗ ಸಿಪ್ಪೆಯ ಬಣ್ಣ ರಸಕ್ಕೆ ಇಳಿಯುತ್ತದೆ. ತೇಲುವ ಸಿಪ್ಪೆಯನ್ನು ದಿನಕ್ಕೆ ಎರಡು-ಮೂರು ಬಾರಿ ಮುಳುಗಿಸದಿದ್ದರೆ ವಿನೆಗರ್ ಹುಳಿ ಹಿಡಿಯಬಹುದು.

ರುಚಿ ನೋಡುವಾಗ ವೈನ್ 16–18 ಡಿಗ್ರಿಯಲ್ಲಿರಲಿ. ಅದಕ್ಕಿಂತ ತಣ್ಣಗಿದ್ದರೆ ಒಳ್ಳೆಯ ವರ್ಷದ ಟ್ಯಾನಿನ್ ಕೂಡ ಕಟುವೆನಿಸುತ್ತದೆ. ಒಣಹಣ್ಣಿನ ವಾಸನೆ, ಗಂಟಲಲ್ಲಿ ಉರಿ ಸಾಮಾನ್ಯವಾಗಿ ಬಿಸಿ ವರ್ಷದ ಗುರುತು.